ಕಾನೂನಿದೆ, ಕೇಳುವವರಿಲ್ಲ

ಪ್ರೀತಿಯ ಮಂಜು,

"ಟ್ರಾನ್ಸ್‌ಜೆಂಡರ್‌ಗಳಿಗೆ ಕಾನೂನು ಇದೆಯಲ್ಲ, ಇನ್ನೇನು ಬೇಕು?" ಅಂತ ನೀನು ಫೋನಿನಲ್ಲಿ ಕೇಳಿದೆ. ಇದೆ, ನಿಜ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಕೆಲಸಕ್ಕೆ ತೆಗೆದುಕೊಳ್ಳುವಾಗಲೂ ಬಡ್ತಿ ಕೊಡುವಾಗಲೂ ತಾರತಮ್ಯ ಮಾಡುವಂತಿಲ್ಲ.

ಮಾಡಿದರೆ? ಅದೇ ಕಾಯ್ದೆಯ 18ನೇ ಸೆಕ್ಷನ್ ತೆಗೆದು ನೋಡು. ಜೀತಕ್ಕೆ ಇಟ್ಟುಕೊಂಡರೆ, ಮನೆಯಿಂದ ಹೊರಗೆ ಹಾಕಿದರೆ, ಹಿಂಸೆ ಕೊಟ್ಟರೆ ಆರು ತಿಂಗಳಿಂದ ಎರಡು ವರ್ಷ ಜೈಲು ಅಂತಿದೆ. ಅರ್ಹತೆ ಇದ್ದವರಿಗೆ ಕೆಲಸ ಕೊಡದೆ ಕಳಿಸಿದರೆ ಏನು ಅನ್ನುವುದು ಆ ಪಟ್ಟಿಯಲ್ಲೇ ಇಲ್ಲ. ನನ್ನ ಸಿಟ್ಟೆಲ್ಲ ಇಲ್ಲೇ.

ಮುಖಕ್ಕೆ ಹೊಡೆದ ಹಾಗೆ "ನಿನಗೆ ಕೆಲಸ ಇಲ್ಲ" ಅಂತ ಯಾರೂ ಹೇಳುವುದಿಲ್ಲ, ಮಂಜು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹಳೆಯ ಹೆಸರು, ಆಧಾರ್‌ನಲ್ಲಿ ಬದಲಾಯಿಸಿಕೊಂಡ ಹೆಸರು. ಎದುರಿಗೆ ಕೂತವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ, ಆಮೇಲೆ ಮುಖ ನೋಡುತ್ತಾರೆ. "ಕರೀತೀವಿ" ಅನ್ನುತ್ತಾರೆ. ಆ ಕರೆ ಬರುವುದಿಲ್ಲ. ಹೇಗೋ ಕೆಲಸ ಸಿಕ್ಕಿತು ಅಂದುಕೋ, ಯಾವ ಟಾಯ್ಲೆಟ್‌ಗೆ ಹೋಗಬೇಕು ಅನ್ನುವ ಚಿಂತೆಗೆ ದಿನವಿಡೀ ನೀರು ಕುಡಿಯದೆ ಕೂರುವವರಿದ್ದಾರೆ.

ಶಿಕ್ಷಕಿ ಜೇನ್ ಕೌಶಿಕ್ ಅವರ ಪ್ರಕರಣ ಓದಿದ್ದೀಯಾ? ಗುಜರಾತಿನ ಒಂದು ಖಾಸಗಿ ಶಾಲೆ ಕೆಲಸ ಕೊಡುತ್ತೇವೆ ಅಂದು, ಟ್ರಾನ್ಸ್ ಅಂತ ಗೊತ್ತಾದ ಮೇಲೆ ಸೇರಿಸಿಕೊಳ್ಳಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಪರಿಹಾರ ಕೊಡಿಸಿತು. ಸಮಾನ ಅವಕಾಶ ನೀತಿ ರೂಪಿಸಲು ಸಮಿತಿಯನ್ನೂ ಮಾಡಿತು. ಖುಷಿಯೇ. ಆದರೆ ಒಂದು ಟೀಚರ್ ಕೆಲಸಕ್ಕಾಗಿ ದೆಹಲಿಯ ಆ ಮೆಟ್ಟಿಲು ಎಷ್ಟು ಜನ ಹತ್ತಬಲ್ಲರು ಹೇಳು?

ನಮ್ಮ ರಾಜ್ಯ ಒಂದು ಒಳ್ಳೆಯ ಕೆಲಸ ಮಾಡಿದೆ. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ 1ರಷ್ಟು ಮೀಸಲಾತಿ ತಂದಿತು. ದೇಶದಲ್ಲೇ ಮೊದಲು. ಆದರೆ ಪೀಣ್ಯದ ಗಾರ್ಮೆಂಟ್ಸ್‌ಗೆ, ವೈಟ್‌ಫೀಲ್ಡ್‌ನ ಐಟಿ ಕಂಪನಿಗೆ ಅದು ಅನ್ವಯಿಸುವುದಿಲ್ಲ ಅಲ್ವಾ? ಜಾಸ್ತಿ ಕೆಲಸ ಇರುವುದು ಅಲ್ಲೇ. ಅದೇ ವರ್ಷ ಟ್ರಾನ್ಸ್ ಸಮುದಾಯದ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದು ಪದ್ಮಶ್ರೀ ತೆಗೆದುಕೊಂಡರು. ಆ ವಿಡಿಯೊ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಅಷ್ಟು ಪ್ರೀತಿ ಇದ್ದರೆ ಅವರಂಥವರಿಗೆ ಕೆಲಸ ಕೊಡಲು ಏನು ಅಡ್ಡಿ?

ಕೆಲಸ ಕೊಟ್ಟರೂ ಮುಗಿಯುವುದಿಲ್ಲ. 2017ರಲ್ಲಿ ಕೊಚ್ಚಿ ಮೆಟ್ರೊ ಟ್ರಾನ್ಸ್ ಸಮುದಾಯದವರನ್ನು ಕೆಲಸಕ್ಕೆ ತೆಗೆದುಕೊಂಡಿತು. ಬಾಡಿಗೆಗೆ ಯಾರೂ ಮನೆ ಕೊಡಲಿಲ್ಲ ಅಂತ ಕೆಲವರು ಕೆಲಸವನ್ನೇ ಬಿಟ್ಟರು.

ಅದಕ್ಕೇ ನನ್ನ ಬೇಡಿಕೆ ಇಷ್ಟು. ಕೆಲಸದಲ್ಲಿ ತಾರತಮ್ಯ ಮಾಡಿದ ಸಂಸ್ಥೆಗೆ, ಖಾಸಗಿಯಾದರೂ, ಕಾಯ್ದೆಯಲ್ಲೇ ದಂಡ ಇರಬೇಕು. ಯಾಕೆ ತೆಗೆದುಕೊಳ್ಳಲಿಲ್ಲ ಅಂತ ಕಂಪನಿಯೇ ಬರೆದುಕೊಡಬೇಕು. ತಾರತಮ್ಯವನ್ನು ಸಾಬೀತು ಮಾಡುವ ಹೊರೆ ಕೆಲಸ ಸಿಗದವರ ಮೇಲೆ ಬೀಳಬಾರದು.

ನಿನ್ನಿಂದ ಒಂದು ಕೆಲಸ ಆಗಬೇಕು. ಪ್ರತಿ ಸಂಸ್ಥೆಯೂ ಒಬ್ಬ ದೂರು ಅಧಿಕಾರಿಯನ್ನು ನೇಮಿಸಬೇಕು ಅಂತ 11ನೇ ಸೆಕ್ಷನ್ ಹೇಳುತ್ತದೆ. ನಿಮ್ಮ ಆಫೀಸಿನಲ್ಲಿ ಯಾರು? ಎಚ್‌ಆರ್‌ನವರಿಗೆ ಒಂದು ಮೇಲ್ ಹಾಕಿ ಕೇಳು. ಸುಮ್ನೆ ಬಿಡಬೇಡ. ಏನಂದರು ಅಂತ ನನಗೆ ಬರೆ.

ನಿನ್ನ,
ರವಿ