ತಕ್ಕಡಿಗೆ ಬಿದ್ದ ಲೆನ್ಸುಗಳು

ಮಾನ್ಯ ಸಂಪಾದಕರೇ,

ಫಿಲ್ಮ್ ಕ್ಯಾಮೆರಾಗಳತ್ತ ಮತ್ತೆ ಒಲಿಯುತ್ತಿರುವ ಯುವಕರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಓದಿ ಸಂತೋಷವಾಯಿತು. ಆದರೆ 120 ಎಂಬ ಅಗಲ ಫಿಲ್ಮ್ ರೋಲಿನ ದೊಡ್ಡ ಕ್ಯಾಮೆರಾ ಕೆಟ್ಟರೆ ಅದರ ಲೆನ್ಸನ್ನು ಗಾಜಿನ ಕಪಾಟಿನಲ್ಲಿ ಇಡಬೇಕಷ್ಟೆ, 35 ಎಂಎಂ ಅಗಲದ ಫಿಲ್ಮಿನ ಚಿಕ್ಕ ಕ್ಯಾಮೆರಾದಲ್ಲಿ ಅದು ಕೆಲಸಕ್ಕೆ ಬಾರದು ಎಂದು ಅದರಲ್ಲಿ ಬರೆದಿರುವುದು ತಪ್ಪು. ಸಾಗರದಲ್ಲಿ ಮೂವತ್ತನಾಲ್ಕು ವರ್ಷ ಸ್ಟುಡಿಯೋ ನಡೆಸಿದವನು ನಾನು. ಹದಿನೈದು ವರ್ಷಗಳಿಂದ ಅಂಥ ಲೆನ್ಸುಗಳನ್ನೇ ನಿಕಾನ್ ಎಫ್‌ಎಂ2 ಎಂಬ 35 ಎಂಎಂ ಕ್ಯಾಮೆರಾಕ್ಕೆ ಹಾಕಿ ಚಿತ್ರ ತೆಗೆಯುತ್ತಿದ್ದೇನೆ.

ಕಳೆದ ತಿಂಗಳು ನಮ್ಮ ಪೇಟೆಯಲ್ಲಿ ಬಾಗಿಲು ಮುಚ್ಚಿದ ಸ್ಟುಡಿಯೋ ಒಂದರ ಸಾಮಾನು ಖಾಲಿ ಮಾಡುತ್ತಿದ್ದರು. ಗುಜರಿಯವನ ತಕ್ಕಡಿಯಲ್ಲಿ ಲೈಟ್ ಸ್ಟ್ಯಾಂಡುಗಳ ಜೊತೆಗೆ ಕಾರ್ಲ್ ಝೈಸ್ ಯೇನಾ ಕಂಪನಿಯ, 180 ಎಂಎಂ ನಾಭಿದೂರದ (ಫೋಕಲ್ ಲೆಂತ್) ಸೊನಾರ್ ಲೆನ್ಸ್ ಇತ್ತು. ಮುಂದಿನ ಗಾಜಿನ ಮೇಲೆ ಒಂದು ಗೀರೂ ಇರಲಿಲ್ಲ. ನಾನು ಹತ್ತು ನಿಮಿಷ ತಡವಾಗಿ ಹೋಗಿದ್ದರೆ ಅದು ಕಿಲೋ ಲೆಕ್ಕದಲ್ಲಿ ಮಾರಾಟವಾಗಿರುತ್ತಿತ್ತು. ಆ ಮನೆಯವರನ್ನು ದೂರಲಾರೆ. ಇದರಿಂದ ಇನ್ನೂ ಚಿತ್ರ ತೆಗೆಯಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ನನ್ನ ಬಳಿಯೂ ಅಂಥ ಲೆನ್ಸು ಹಾಕುವ, ಪೂರ್ವ ಜರ್ಮನಿಯ ಪೆಂಟಾಕಾನ್ ಸಿಕ್ಸ್ ಎಂಬ 120 ರೋಲಿನ ಕ್ಯಾಮೆರಾ ಇತ್ತು. 1987ರಲ್ಲಿ ಬೆಂಗಳೂರಿನ ಹಿರಿಯ ಛಾಯಾಗ್ರಾಹಕರೊಬ್ಬರಿಂದ ಕೊಂಡದ್ದು. ಸಾವಿರಾರು ಮದುವೆಗಳ ದುಡಿಮೆಯ ನಂತರ ರೋಲು ಸರಿಸುವ ಗಾಲಿಗಳು ಸವೆದು ಕ್ಯಾಮೆರಾ ಮೂಲೆ ಸೇರಿತು. 80 ಎಂಎಂ ಬಯೊಮೆಟಾರ್ ಮತ್ತು 50 ಎಂಎಂ ಫ್ಲೆಕ್ಟೊಗಾನ್ ಲೆನ್ಸುಗಳು ಮಾತ್ರ ಕೊಂಡ ದಿನದಂತೆಯೇ ಉಳಿದಿದ್ದವು.

ಪೆಂಟಾಕಾನ್ ಸಿಕ್ಸ್‌ನಲ್ಲಿ ಲೆನ್ಸ್ ಕೂರುವ ಬಳೆಯಿಂದ ಫಿಲ್ಮಿನವರೆಗೆ 74.1 ಮಿಲಿಮೀಟರ್ ದೂರವಿದೆ. ನಿಕಾನ್‌ನಲ್ಲಿ 46.5. ನಡುವಿನ 27.6 ಮಿಲಿಮೀಟರ್ ಜಾಗವನ್ನು ಒಂದು ಕೊಳವೆ ತುಂಬಿದರೆ ಆಯಿತು, ಅದೇ ಅಡಾಪ್ಟರ್. ಅದರೊಳಗೆ ಗಾಜು ಬೇಕಿಲ್ಲ. ದೊಡ್ಡ ಕ್ಯಾಮೆರಾದ ಲೆನ್ಸು ಚಿಕ್ಕದಕ್ಕೆ ಹೊಂದುವುದು ಈ ಜಾಗ ಇರುವುದರಿಂದಲೇ. ಚಿಕ್ಕದರ ಲೆನ್ಸನ್ನು ದೊಡ್ಡದಕ್ಕೆ ಹಾಕಲು ಹೋದರೆ ಲೆನ್ಸು ಫಿಲ್ಮಿನಿಂದ ದೂರ ಉಳಿಯುತ್ತದೆ, ಅದು ಫಿಲ್ಮಿನ ಮೇಲೆ ಬೀಳಿಸುವ ಬೆಳಕಿನ ವೃತ್ತವೂ ಚೌಕಟ್ಟಿನ ಮೂಲೆಗಳಿಗೆ ಸಾಲದು.

ನನ್ನ ಮೊದಲ ಅಡಾಪ್ಟರನ್ನು ಶಿವಮೊಗ್ಗದ ಲೇತ್ ಅಂಗಡಿಯೊಂದರಲ್ಲಿ ಕಡೆಸಿದ್ದೆ. ನಾನು ಕೊಟ್ಟ ಅಳತೆಯಲ್ಲೇ ಅರ್ಧ ಮಿಲಿಮೀಟರ್ ಹೆಚ್ಚಾಗಿತ್ತು. ಅಷ್ಟಕ್ಕೇ 80 ಎಂಎಂ ಲೆನ್ಸಿನಲ್ಲಿ ಹದಿಮೂರು ಮೀಟರ್‌ಗಿಂತ ಆಚೆಗಿನ ಯಾವುದೂ ಸ್ಪಷ್ಟವಾಗಲಿಲ್ಲ. ಅಂಗಳದ ತುಳಸಿಕಟ್ಟೆ ಚೆನ್ನಾಗಿ ಬಂತು, ಎದುರಿನ ಗುಡ್ಡ ಮಂಜಾಯಿತು. ಅರ್ಧ ಮಿಲಿಮೀಟರ್ ತೆಗೆಸಿದ ಮೇಲೆ ಗುಡ್ಡವೂ ಕಂಡಿತು. ಈಗ ಸಿದ್ಧ ಅಡಾಪ್ಟರುಗಳೂ ಸಿಗುತ್ತವೆ. ಕೊಂಡವರು ಮೊದಲು ದೂರದ ಗುಡ್ಡವನ್ನೋ ಗೋಪುರವನ್ನೋ ನೋಡಿ ಪರೀಕ್ಷಿಸಬೇಕು.

ದೊಡ್ಡ ಕ್ಯಾಮೆರಾದ 80 ಎಂಎಂ ಲೆನ್ಸು ಚಿಕ್ಕ ಕ್ಯಾಮೆರಾದಲ್ಲಿ 44 ಎಂಎಂ ಆಗಿಬಿಡುತ್ತದೆ ಎಂದೂ ಲೇಖನದಲ್ಲಿದೆ. ಹಾಗಾಗುವುದಿಲ್ಲ. 80 ಎಲ್ಲಿದ್ದರೂ 80. ಕಿಟಕಿ ಕಿರಿದಾದ ಮಾತ್ರಕ್ಕೆ ಹೊರಗಿನ ಅಡಿಕೆ ಮರ ಗಿಡ್ಡವಾಗುವುದಿಲ್ಲ, ತೋಟದ ಅಂಚು ಕಾಣದೆ ಹೋಗುತ್ತದೆ ಅಷ್ಟೆ. ದೊಡ್ಡ ಕ್ಯಾಮೆರಾದ 6x6 ಸೆಂಟಿಮೀಟರ್ ಚೌಕಟ್ಟಿನಲ್ಲಿ ಗುಂಪಿನ ಚಿತ್ರಕ್ಕೆ ಬಳಸುತ್ತಿದ್ದ ಬಯೊಮೆಟಾರ್ 35 ಎಂಎಂನಲ್ಲಿ ಮುಖಚಿತ್ರದ ಲೆನ್ಸಾಗುತ್ತದೆ.

ತೊಡಕುಗಳಿವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ಅಗಲ ನೋಟ ಬೇಕೆಂದರೆ ಈ ಲೆನ್ಸುಗಳಿಂದ ಪ್ರಯೋಜನವಿಲ್ಲ. ಫ್ಲೆಕ್ಟೊಗಾನ್‌ನ 50 ಎಂಎಂ ಚಿಕ್ಕ ಕ್ಯಾಮೆರಾದಲ್ಲಿ ಸಾಧಾರಣ ನೋಟವನ್ನೇ ಕೊಡುತ್ತದೆ. ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿ, ಅಂದರೆ ಅಪರ್ಚರ್, ತಾನಾಗಿ ಕಿರಿದಾಗುವುದಿಲ್ಲ, ಕೈಯಿಂದ ಕಿರಿದಾಗಿಸಿಯೇ ಬೆಳಕಿನ ಮೀಟರ್ ನೋಡಬೇಕು. ಹನ್ನೆರಡು ಇಂಚಿನ ಚೌಕ ಪ್ರಿಂಟ್ ಮಾಡಲು 6x6 ನೆಗೆಟಿವನ್ನು ಐದೂವರೆ ಪಟ್ಟು ಹಿಗ್ಗಿಸಿದರೆ ಸಾಕು, 35 ಎಂಎಂ ನೆಗೆಟಿವನ್ನು ಹನ್ನೆರಡೂವರೆ ಪಟ್ಟಿಗೂ ಹೆಚ್ಚು ಹಿಗ್ಗಿಸಬೇಕು. ಹಾಗಾಗಿ ಹಳೆಯ ಹರಿತವನ್ನೇ ನಿರೀಕ್ಷಿಸಬಾರದು. ಫಿಲ್ಮಿಗೆ ಬೇಕಿಲ್ಲದ ಬೆಳಕು ಕ್ಯಾಮೆರಾದ ಒಳಗೋಡೆಗೆ ಬಡಿದು ಚಿತ್ರವನ್ನು ಪೇಲವಗೊಳಿಸುವುದೂ ಉಂಟು. ಅದಕ್ಕೆ ನಾನು ಅಡಾಪ್ಟರಿನ ಒಳಗೆ ಕಪ್ಪು ಮಕಮಲ್ ಬಟ್ಟೆ ಅಂಟಿಸಿದ್ದೇನೆ, ಲೆನ್ಸಿನ ಮುಂದೆ ಆಳವಾದ ಹುಡ್ ಹಾಕುತ್ತೇನೆ.

ಇಷ್ಟೆಲ್ಲ ಪಾಡು ಯಾಕೆ ಎಂದು ಕೇಳುವವರು ಇಕ್ಕೇರಿಯ ಅಘೋರೇಶ್ವರ ದೇವಾಲಯದ ಮುಂದೆ ಕ್ಯಾಮೆರಾ ಹಿಡಿದು ನಿಲ್ಲಲಿ. ಶಿಖರ ಸಿಗಲೆಂದು ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸಿದರೆ ಕಲ್ಲಿನ ಗೋಡೆಗಳು ಹಿಂದಕ್ಕೆ ವಾಲುತ್ತವೆ. 6x6 ಲೆನ್ಸಿನ ಬೆಳಕಿನ ವೃತ್ತ ಸುಮಾರು 79 ಮಿಲಿಮೀಟರ್ ಅಗಲ. 35 ಎಂಎಂ ಚೌಕಟ್ಟಿನ ಕರ್ಣ 43 ಮಾತ್ರ. ಉಳಿದ ಜಾಗದೊಳಗೆ ಲೆನ್ಸನ್ನು ಮೇಲಕ್ಕೆ ಜಾರಿಸಬಹುದು. ಶಿಫ್ಟ್ ಅಡಾಪ್ಟರಿನಲ್ಲಿ ಫ್ಲೆಕ್ಟೊಗಾನನ್ನು ಹತ್ತು ಮಿಲಿಮೀಟರ್ ಏರಿಸಿ, ಕ್ಯಾಮೆರಾವನ್ನು ಮಟ್ಟವಾಗಿಯೇ ಇಟ್ಟು ತೆಗೆದೆ. ಗೋಡೆಗಳು ಶಿಲ್ಪಿ ನಿಲ್ಲಿಸಿದಂತೆಯೇ ನೆಟ್ಟಗೆ ನಿಂತವು. ಆ ಪ್ರಿಂಟ್ ನನ್ನ ಹಜಾರದಲ್ಲಿದೆ.

ತಕ್ಕಡಿಯಿಂದ ಬಿಡಿಸಿ ತಂದ ಸೊನಾರ್ ಲೆನ್ಸನ್ನು ಮೊನ್ನೆ ಯಕ್ಷಗಾನದ ಚೌಕಿಗೆ ಒಯ್ದಿದ್ದೆ. ಒಂದು ಕಿಲೋ ಮೀರಿದ ಭಾರ, ಹಿಡಿಯುವಾಗ ಅಂಗೈ ಲೆನ್ಸಿನ ಅಡಿಗೇ ಇರಬೇಕು. ಅಪರ್ಚರನ್ನು 2.8ಕ್ಕೆ ಪೂರ್ತಿ ತೆರೆದಾಗ ಬಣ್ಣ ಬಳಿದುಕೊಳ್ಳುತ್ತಿದ್ದ ಕಲಾವಿದರ ಕಣ್ಣು ಮತ್ತು ಹಣೆಯ ನಾಮ ಮಾತ್ರ ಸ್ಪಷ್ಟವಾಗಿ, ಹಿಂದಿನ ದೀಪಗಳೆಲ್ಲ ಕರಗಿ ನಿಂತವು.

ಎಲ್ಲ ಹಳೆಯ ಲೆನ್ಸುಗಳಿಗೂ ಇದು ಅನ್ವಯಿಸುವುದಿಲ್ಲ. ನಮ್ಮ ಸ್ಟುಡಿಯೋಗಳಲ್ಲಿ ಹೆಚ್ಚಾಗಿದ್ದ ಯಾಶಿಕಾ ಮ್ಯಾಟ್‌ನಂಥ ಜೋಡಿ ಲೆನ್ಸಿನ ಕ್ಯಾಮೆರಾಗಳಲ್ಲಿ ಲೆನ್ಸು ಕಳಚಿ ಬರುವುದಿಲ್ಲ. ಪೆಂಟಾಕಾನ್ ಸಿಕ್ಸ್, ಮಾಮಿಯಾ 645 ಇಂಥವುಗಳ ಲೆನ್ಸುಗಳಿದ್ದವರು ದಯವಿಟ್ಟು ಗುಜರಿಗೆ ಹಾಕಬೇಡಿ. ಛಾಯಾಗ್ರಹಣ ಕಲಿಸುವ ಕಾಲೇಜುಗಳಿಗೆ ಕೊಡಿ, ಇಲ್ಲವೇ ಫಿಲ್ಮ್ ತುಂಬಿಸಿಕೊಂಡು ಓಡಾಡುವ ನೆರೆಮನೆಯ ಹುಡುಗನಿಗೋ ಹುಡುಗಿಗೋ ಕೊಡಿ.

ಲೇಖನದ ಆ ಎರಡು ಮಾತುಗಳಿಗೆ ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ. ಅಡಾಪ್ಟರ್ ಕಡೆಸಲು ಬೇಕಾದ ಅಳತೆಯ ನಕ್ಷೆಯನ್ನು ಈ ಪತ್ರದ ಜೊತೆಗಿಟ್ಟಿದ್ದೇನೆ. ಓದುಗರು ಕೇಳಿದರೆ ಕೊಡಿ. ಈ ಸಲ ಅರ್ಧ ಮಿಲಿಮೀಟರಿನ ತಪ್ಪಿಲ್ಲ.

— ನಿವೃತ್ತ ಸ್ಟುಡಿಯೋ ಛಾಯಾಗ್ರಾಹಕ, ಸಾಗರ