ನವೆಂಬರಿನ ಪತ್ತನಾಜೆ

ಕಳೆದ ವಾರ ನಮ್ಮ ಮನೆಯಲ್ಲಿ ಎಣ್ಣೆ ಗಟ್ಟಿಯಾಯಿತು. ಬಚ್ಚಲಿನ ಕಿಟಕಿಯಲ್ಲಿಟ್ಟಿದ್ದ ತೆಂಗಿನೆಣ್ಣೆ ಬಾಟಲಿ ಬೆಳಗಾಗುವುದರೊಳಗೆ ಬೆಳ್ಳಗೆ ಕಲ್ಲಾಗಿ ಕೂತಿತ್ತು. 24 ಡಿಗ್ರಿಗಿಂತ ಕೆಳಗೆ ಹೋದರೆ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆ. ಉಡುಪಿಯಲ್ಲಿ ಧನುರ್ಮಾಸದ ಎರಡೋ ಮೂರೋ ಬೆಳಗು ಹಾಗಾಗುತ್ತಿತ್ತು, ಅಷ್ಟೇ. ಆಗ ಅಜ್ಜಿ ಬಾಟಲಿಯನ್ನು ಬಚ್ಚಲೊಲೆಯ ದಂಡೆಯ ಮೇಲಿಟ್ಟರೆ, ಮೊದಲನೆಯವನ ಸ್ನಾನ ಮುಗಿದು ನನ್ನ ಸರದಿ ಬರುವಷ್ಟರಲ್ಲಿ ಕರಗಿರುತ್ತಿತ್ತು. ಇಲ್ಲಿ ಇನ್ನು ಏಪ್ರಿಲ್‌ವರೆಗೆ ಬಾಟಲಿಯನ್ನು ಬಿಸಿನೀರಿನ ಚೊಂಬಿನಲ್ಲಿ ನಿಲ್ಲಿಸಿಯೇ ತಲೆಗೆ ಎಣ್ಣೆ ಹಚ್ಚಬೇಕು.

ಮೊನ್ನೆ ಭಾನುವಾರ ಗಡಿಯಾರವೂ ಒಂದು ಗಂಟೆ ಹಿಂದೆ ಹೋಯಿತು. ಟೊರಾಂಟೊದಲ್ಲಿ ಈಗ ಸಂಜೆ ಐದು ಗಂಟೆಗೆಲ್ಲ ದೀಪ ಹಾಕಬೇಕು. ಕೆಲಸದಿಂದ ಬರುವಾಗಲೂ ಕತ್ತಲೆ, ಹೋಗುವಾಗಲೂ ಕತ್ತಲೆ. ಇದನ್ನು ಬರೆಯುತ್ತಿರುವುದು ರಾತ್ರಿ ಹನ್ನೊಂದೂವರೆಗೆ. ನಾಳೆ ಬೆಳಿಗ್ಗೆ ಇಲ್ಲಿನ ನಮ್ಮ ಕನ್ನಡ ಸಂಘದ ಪತ್ರಿಕೆ ಸದಸ್ಯರೆಲ್ಲರಿಗೂ ಹೋಗಬೇಕು, ಮೂರು ಪುಟ ಇನ್ನೂ ತಿದ್ದಲಿಕ್ಕಿದೆ. ಆದರೂ ಈ ಸಲ ಹೇಳಬೇಕಾದದ್ದು ಒಂದಿದೆ, ಅದನ್ನು ಅವಸರದಲ್ಲಿ ಮುಗಿಸಲು ಮನಸ್ಸಿಲ್ಲ.

ಶನಿವಾರ ಚಳಿಗಾಲದ ಸಾಮಾನು ತಂದೆವು. ಎರಡು ಚೀಲ ಕುಚ್ಚಲಕ್ಕಿ, ಉದ್ದು, ಹೆಸರು, ಫ್ರೀಜರಿಗೆ ತೆಂಗಿನತುರಿಯ ಹದಿನೆಂಟು ಪ್ಯಾಕೆಟ್, ಬೆಲ್ಲ, ಒಣಮೆಣಸು. ಒಂಬತ್ತು ವರ್ಷದ ಮಗಳು ನನ್ನ ಜೊತೆ ಬೇಸ್‌ಮೆಂಟಿಗೆ ಹತ್ತಿಪ್ಪತ್ತು ಸಲ ಇಳಿದು ಹತ್ತಿ ಎಲ್ಲವನ್ನೂ ಜೋಡಿಸಿದಳು. ಕೊನೆಗೆ ಮೆಟ್ಟಿಲ ಮೇಲೆ ಕೂತು ಕೇಳಿದಳು: "ಅಮ್ಮ, ಉಡುಪಿಯಲ್ಲಿ ಸ್ನೋ ಬೀಳುವುದೇ ಇಲ್ಲವಲ್ಲ. ಮತ್ತೆ ಇಷ್ಟೆಲ್ಲ ತುಂಬಿಸಿಡ್ಲಿಕ್ಕೆ ನಿಂಗೆ ಯಾರು ಕಲಿಸಿದ್ದು?"

ಅಂಗಡಿ ಇರುವುದು ಕಾರಿನಲ್ಲಿ ಹತ್ತು ನಿಮಿಷದ ದೂರದಲ್ಲಿ. ಎಂಥ ಹಿಮ ಬಿದ್ದರೂ ಮರುದಿನ ರಸ್ತೆ ಬಿಡಿಸುತ್ತಾರೆ. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ನಮ್ಮ ಮನೆಯಲ್ಲಿ ಅಕ್ಕಿ ಮುಗಿದದ್ದಿಲ್ಲ. ಹಾಗಾದರೆ ಈ ಕೈ ಪ್ರತಿ ಅಕ್ಟೋಬರಿನಲ್ಲಿ ತಾನಾಗಿ ತುಂಬಿಸಲು ತೊಡಗುವುದು ಯಾಕೆ? ಅವಳಿಗೆ ಆಗ "ಅಜ್ಜಿ ಕಲಿಸಿದ್ದು" ಎಂದಷ್ಟೇ ಹೇಳಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ನಮ್ಮ ಮನೆ ಹಿರಿಯಡ್ಕದ ಹತ್ತಿರ. ಘಟ್ಟದ ಮೇಲಿನ ಸದಸ್ಯರಿಗೆ ಗೊತ್ತಿರಲಿ ಎಂದು ಹೇಳುತ್ತೇನೆ, ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ನಮ್ಮಲ್ಲಿ ಮನೆ ತುಂಬಿಸುವುದು ಈ ಮಳೆಗಾಲಕ್ಕೆ. ಮೇ ತಿಂಗಳಿಡೀ ಮನೆಯಲ್ಲಿ ಯಾರಿಗೂ ಪುರುಸೊತ್ತಿರುತ್ತಿರಲಿಲ್ಲ. ಹಂಚು ಕೈಯಾಡಿಸುವವರು ಮಾಡಿನ ಮೇಲೆ, ಸೌದೆ ಒಟ್ಟುವವರು ಕೊಟ್ಟಿಗೆಯಲ್ಲಿ. ಪುನರ್ಪುಳಿ ಸಿಪ್ಪೆ ಒಂದು ಚಾಪೆಯಲ್ಲಿ ಒಣಗುತ್ತಿದ್ದರೆ ಬೇಯಿಸಿದ ಹಲಸಿನ ಬೀಜ ಇನ್ನೊಂದರಲ್ಲಿ ಸಾಂತಾಣಿಯಾಗುತ್ತಿತ್ತು. ಭರಣಿಯಲ್ಲಿ ಉಪ್ಪಿನ ಸೊಳೆ, ಅಂದರೆ ಉಪ್ಪಿನಲ್ಲಿಟ್ಟ ಹಲಸಿನ ತೊಳೆ. ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಒಂದೊಂದಾಗಿ ಕಟ್ಟಿ ಅಡುಗೆಮನೆಯ ಪಕ್ಕಾಸಿಗೆ ತೂಗುಹಾಕಿದರೆ ಚೌತಿಯವರೆಗೂ ಕೆಡುತ್ತಿರಲಿಲ್ಲ. ಒಂದಕ್ಕೊಂದು ತಾಗಬಾರದು, ತಾಗಿದ ಜಾಗದಿಂದಲೇ ಕೊಳೆಯಲು ತೊಡಗುತ್ತದೆ. ರಾತ್ರಿ ನೀರು ಕುಡಿಯಲು ಎದ್ದರೆ ಚಿಮಿಣಿ ಬೆಳಕಿನಲ್ಲಿ ತಲೆಯ ಮೇಲೆ ಸಾಲಾಗಿ ಹಳದಿ ಸೌತೆಕಾಯಿ.

ಇದರಲ್ಲೆಲ್ಲ ದೊಡ್ಡ ಕೆಲಸ ಹಲಸಿನ ಹಪ್ಪಳ. ಬಲಿತ ಕಾಯಿ ಆಗಬೇಕು, ಹಣ್ಣಾಗಲು ತೊಡಗಿದ್ದು ಆಗದು. ಕೈಗೆ, ಕತ್ತಿಗೆ ಎಣ್ಣೆ ಹಚ್ಚಿಕೊಂಡು ಕಾಯಿ ಸೀಳಿ, ಮೇಣ ಒರೆಸಿ, ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಉಪ್ಪು ಮೆಣಸು ಕೊತ್ತಂಬರಿ ಸೇರಿಸಿ ಒರಳಲ್ಲಿ ಗುದ್ದುವುದು. ಹಿಟ್ಟು ಹದ ಬಂದದ್ದು ಅಜ್ಜಿಗೆ ಒನಕೆಯ ಸದ್ದಿನಲ್ಲೇ ತಿಳಿಯುತ್ತಿತ್ತು. ಮೊದಲು ಸದ್ದು ಗಟ್ಟಿ, ಆಮೇಲೆ ಮೆತ್ತಗೆ, ಕೊನೆಗೆ ಒನಕೆ ಎತ್ತುವಾಗ ಹಿಟ್ಟು ಅದನ್ನು ಬಿಡದೆ ಹಿಡಿದುಕೊಳ್ಳುವ ಸದ್ದು. "ಸಾಕು" ಎಂದು ಅಡುಗೆಮನೆಯಿಂದಲೇ ಹೇಳುತ್ತಿದ್ದರು. ನಾವು ಮಕ್ಕಳು ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡ ಉಂಡೆ ಮಾಡಿಕೊಡುವುದು, ಚಿಕ್ಕಮ್ಮ ಎಣ್ಣೆ ಹಚ್ಚಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಿಂದ ಒಂದೇ ಸಲ ಒತ್ತುವುದು, ನಾನು ಅಂಗಳದ ಓಲಿಚಾಪೆಯಲ್ಲಿ ಹರಡುವುದು. ಮಧ್ಯಾಹ್ನ ಕಾಗೆ ಕಾಯುವ ಕೆಲಸ ನನ್ನದು. ಅರ್ಧ ಒಣಗಿದ ಹಪ್ಪಳಕ್ಕೆ ಇರುವ ರುಚಿ ಕರಿದ ಹಪ್ಪಳಕ್ಕೂ ಇಲ್ಲ, ಎಷ್ಟು ತಿಂದೆನೋ ಲೆಕ್ಕವಿಲ್ಲ.

ಆದರೆ ಅಜ್ಜಿಯ ಹತ್ತಿರ ಲೆಕ್ಕ ಇತ್ತು. ಒಣಗಿದ ಹಪ್ಪಳಗಳನ್ನು ಇಪ್ಪತ್ತೈದರ ಕಟ್ಟು ಮಾಡಿ, ಬಾಳೆನಾರಿನಲ್ಲಿ ಬಿಗಿದು, ಡಬ್ಬಕ್ಕೆ ತುಂಬಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುವಲ್ಲಿ ಇಡುತ್ತಿದ್ದರು. ಒಂದೊಂದು ಕಟ್ಟೂ ಒಬ್ಬೊಬ್ಬರದ್ದು. "ಅದು ಆಟಿ ತಿಂಗಳಿಗೆ ಬರುವ ಹುಡುಗಿಯರಿಗೆ. ಅದು ನಾಟಿಗೆ ಬರುವವರಿಗೆ. ಇದು ಟಪಾಲಿನವನಿಗೆ, ಪಾಪ, ಒದ್ದೆಯಾಗಿಕೊಂಡು ಬರ್ತಾನೆ. ಅದನ್ನು ಮುಟ್ಬೇಡ, ಆಚೆಮನೆಯ ದೊಡ್ಡಮ್ಮನಿಗೆ." ನಮ್ಮ ಪಾಲಿಗೆ ಉಳಿಯುತ್ತಿದ್ದದ್ದು ನಾಲ್ಕೈದು ಕಟ್ಟು. ಆಗ ನನಗೆ ಅದು ಅನ್ಯಾಯವೆಂದೇ ಕಾಣುತ್ತಿತ್ತು.

ಆಚೆಮನೆಯ ದೊಡ್ಡಮ್ಮ ನಮಗೆ ಸಂಬಂಧಿಕರೇನಲ್ಲ. ತೋಡಿನ ಆಚೆ, ಅಡಿಕೆಮರದ ಸಂಕ ದಾಟಿದರೆ ಅವರ ಮನೆ. ಮಕ್ಕಳೆಲ್ಲ ಬೊಂಬಾಯಿಯ ಹೋಟೆಲುಗಳಲ್ಲಿ, ಇಲ್ಲಿ ಅವರೊಬ್ಬರೇ. ಮಳೆಗಾಲದಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಅಜ್ಜಿ ಹಿಂದಿನ ಜಗಲಿಗೆ ಹೋಗಿ, ಹಣೆಗೆ ಕೈ ಅಡ್ಡ ಹಿಡಿದು, ಮಳೆಯೊಳಗಿಂದ ಆಚೆಮನೆಯ ಮಾಡನ್ನು ನೋಡುತ್ತಿದ್ದರು. ಹಂಚಿನ ಸಂದಿಯಿಂದ ಹೊಗೆ ಎದ್ದರೆ "ಹ್ಞಾಂ, ಒಲೆ ಹತ್ತಿತು" ಎಂದು ಒಳಗೆ ಬಂದು ತಮ್ಮ ಕೆಲಸಕ್ಕೆ ತೊಡಗುತ್ತಿದ್ದರು. ಒಂದು ವರ್ಷ ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ತುಳು ತಿಂಗಳಲ್ಲಿ, ಐದಾರು ದಿನ ಬಿಡದೆ ಮಳೆ ಹೊಡೆಯಿತು. ಕರೆಂಟು ಇಲ್ಲ, ಗದ್ದೆಯೂ ತೋಡೂ ಒಂದಾಗಿ ಕೆಂಪು ನೀರು. ಆ ಬೆಳಿಗ್ಗೆ ಹೊಗೆ ಕಾಣಲಿಲ್ಲ. ಅಜ್ಜಿ ಒಳಗೆ ಬಂದರು, ಮತ್ತೆ ಹೋಗಿ ನೋಡಿದರು, ಮತ್ತೆ ಬಂದರು. ಚಿಕ್ಕಪ್ಪ ಮಳೆಗೆ ಹೊದೆಯುವ ಎಲೆಯ ಗೊರಬೆ ಹೊದ್ದು ಹೊರಟರು. ಸಂಕದ ಮೇಲೆ ನೀರು ಹರಿಯುತ್ತಿತ್ತು, ಕೈಹಗ್ಗ ಹಿಡಿದು ದಾಟಬೇಕು. ದೊಡ್ಡಮ್ಮ ಜ್ವರದಲ್ಲಿ ಮಲಗಿದ್ದರಂತೆ, ಸೌದೆ ಪೂರ್ತಿ ಒದ್ದೆಯಂತೆ. ಚಿಕ್ಕಪ್ಪ ಮತ್ತೆ ಎರಡು ಸಲ ತೋಡು ದಾಟಿ ಒಣಸೌದೆ, ಗಂಜಿ, ಚಟ್ನಿ, ಅಟ್ಟದ ಮೇಲಿದ್ದ ಆ ಕಟ್ಟು ಕೊಂಡುಹೋದರು. ಮೂರನೆಯ ದಿನ ಹೊಗೆ ಎದ್ದಾಗ ಅಜ್ಜಿ ನನ್ನನ್ನು ಕರೆದು ತೋರಿಸಿದರು. ಬೂದಿಬಣ್ಣದ ಮಳೆಯಲ್ಲಿ ಬೂದಿಬಣ್ಣದ ಹೊಗೆ, ನನಗೆ ಕಾಣಲು ಸ್ವಲ್ಪ ಹೊತ್ತು ಹಿಡಿಯಿತು.

ತುಳುನಾಡಿನಲ್ಲಿ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ, ಪತ್ತನಾಜೆ. ಅವತ್ತಿಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ದೈವಗಳ ಕೋಲ, ನೇಮ, ದೇವರ ಬಲಿ, ಎಲ್ಲವೂ ನಿಂತು ಊರು ಒಳಗೆ ಸೇರುತ್ತದೆ. ಮತ್ತೆ ಹೊರಗೆ ಬರುವುದು ದೀಪಾವಳಿಗೆ. ಈಗ, ಇದೇ ದಿನಗಳಲ್ಲಿ, ಅಲ್ಲಿ ಅಂಗಳದ ಹುಲ್ಲು ಕೆತ್ತಿ ಸಗಣಿ ಸಾರಿಸಿ ಆಗಿರುತ್ತದೆ. ಮೇಳಗಳು ತಿರುಗಾಟಕ್ಕೆ ಹೊರಡುತ್ತಿವೆ, ಕಂಬಳದ ಕೋಣಗಳು ಓಡುವ ಕರೆಗೆ ನೀರು ಬಿಡುತ್ತಿದ್ದಾರೆ. ಉತ್ಥಾನ ದ್ವಾದಶಿಗೆ ಉಡುಪಿ ಕೃಷ್ಣಮಠದ ರಥಬೀದಿಯಲ್ಲಿ ಲಕ್ಷದೀಪ. ಮಧ್ವ ಸರೋವರದ ಬಳಿ, ಮಠದ ಪೂಜೆಯ ಸರದಿ ಬದಲಾಗುವ ಪರ್ಯಾಯಕ್ಕೆಂದು ಸೌದೆಯನ್ನು ರಥದ ಹಾಗೆ ಒಟ್ಟುವುದನ್ನು ನೋಡಲು ಅಜ್ಜನ ಹೆಗಲೇರಿ ಹೋದದ್ದೂ ಇಂಥ ಹವೆಯಲ್ಲೇ. ಮಟ್ಟುಗುಳ್ಳ ಬದನೆ ಸಂತೆಗೆ ಬರುವ ಕಾಲವೂ ಇದೇ. ಅಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ಇಲ್ಲಿ ನಾವು ಹೊರಗಿನ ನಲ್ಲಿ ಮುಚ್ಚಿ, ಟೈರು ಬದಲಿಸಿ, ಬಾಗಿಲ ಸಂದಿಗೆ ಪಟ್ಟಿ ಅಂಟಿಸಿ ಒಳಗೆ ಸೇರುತ್ತಿದ್ದೇವೆ. ನಮ್ಮ ಪತ್ತನಾಜೆ ನವೆಂಬರಿಗೆ ಬರುತ್ತದೆ, ನಮ್ಮ ಆಟಿ ಜನವರಿಯಲ್ಲಿ. ಹದಿನಾಲ್ಕು ವರ್ಷ ಇದನ್ನು ಚಳಿಗಾಲ ಎಂದು ಕರೆದದ್ದರಿಂದ ನನಗೆ ಇದು ಹೊಳೆಯಲೇ ಇಲ್ಲ. ಕೈಗೆ ಮಾತ್ರ ಗೊತ್ತಿತ್ತು.

ಈ ವರ್ಷದ ಯುಗಾದಿ ಊಟದಲ್ಲಿ ನಡೆದದ್ದೊಂದನ್ನು ಹೇಳಬೇಕು. ಮಗನ ಮನೆಗೆಂದು ಮಂಗಳೂರಿನಿಂದ ಬಂದಿದ್ದ ತಾಯಿಯೊಬ್ಬರು ನನ್ನ ಪಕ್ಕ ಕೂತಿದ್ದರು. ಹೋಳಿಗೆ ಬಡಿಸುವಾಗ ಮೆಲ್ಲಗೆ ಹೇಳಿದರು: "ಮಗಾ, ನವೆಂಬರಿಗೆ ಬಂದದ್ದು ನಾನು. ಮನೆಯವರನ್ನು ಬಿಟ್ಟು ಬೇರೆಯವರ ಹತ್ತಿರ ಮಾತಾಡುವುದು ಇವತ್ತೇ ಮೊದಲು." ಮಗ ಸೊಸೆ ಒಳ್ಳೆಯವರೇ, ಇಬ್ಬರಿಗೂ ಕೆಲಸ. ಹೊರಗೆ ಹೋದರೆ ಜಾರಿ ಬೀಳುವ ಹೆದರಿಕೆ, ಬಸ್ಸು ಗೊತ್ತಿಲ್ಲ. ಅವರ ಮನೆ ನಮ್ಮ ಮನೆಯಿಂದ ಏಳು ನಿಮಿಷ. ಐದು ತಿಂಗಳು ನಾನು ವಾರಕ್ಕೆರಡು ಸಲ ಅದೇ ಬೀದಿಯಲ್ಲಿ ಮಗಳನ್ನು ಈಜು ಕ್ಲಾಸಿಗೆ ಕರೆದುಕೊಂಡು ಹೋಗಿದ್ದೇನೆ. ಮೇ ತಿಂಗಳಲ್ಲಿ ಅವರು ಊರಿಗೆ ಹೋದರು. ನನಗೆ ಇವತ್ತಿಗೂ ಆ ಮಾತು ಕಿವಿಯಿಂದ ಹೋಗಿಲ್ಲ.

ಇಲ್ಲಿ ಜನವರಿಯ ಬೆಳಿಗ್ಗೆ ನೋಡಿದರೆ ಎಲ್ಲ ಮನೆಯ ಮಾಡಿನಿಂದಲೂ ಬಿಳಿಯ ಹೊಗೆ ಏಳುತ್ತಿರುತ್ತದೆ. ಅದು ಫರ್ನೆಸ್ಸಿನ ಹಬೆ, ಮನೆಯಲ್ಲಿ ಜನ ಇದ್ದರೂ ಏಳುತ್ತದೆ, ಇಲ್ಲದಿದ್ದರೂ ಏಳುತ್ತದೆ. ಒಳಗೆ ಯಾರಿಗೆ ಜ್ವರ, ಯಾರು ಬೆಳಗಿನಿಂದ ಕಿಟಕಿಯ ಹತ್ತಿರ ಕೂತಿದ್ದಾರೆ ಎಂದು ಅದನ್ನು ನೋಡಿ ತಿಳಿಯಲು ಸಾಧ್ಯವಿಲ್ಲ. ಯಾರಾದರೂ ಹೇಳಬೇಕು. ಅದಕ್ಕೇ ಕೇಳುತ್ತಿದ್ದೇನೆ: ನಿಮ್ಮ ಮನೆಗೆ ತಂದೆತಾಯಿ ಬಂದಿದ್ದರೆ, ಬಾಣಂತಿ ಇದ್ದರೆ, ನಿಮ್ಮ ಕಟ್ಟಡದ ಬೇಸ್‌ಮೆಂಟಿನಲ್ಲಿ ಹೊಸದಾಗಿ ಬಂದ ಕನ್ನಡದ ವಿದ್ಯಾರ್ಥಿಗಳು ಇದ್ದರೆ, ಸಮಿತಿಗೆ ಒಂದು ಮಾತು ತಿಳಿಸಿ. ಎರಡು ವಾರಕ್ಕೊಮ್ಮೆ ಒಬ್ಬರಾದರೂ ಹೋಗಿ ಒಂದು ಗಂಟೆ ಕೂತು ಬರುವ ಹಾಗೆ ಮಾಡೋಣ. ಕಾರು ಓಡಿಸುವವರು ಬೇಕು, ಚಳಿಗಾಲದ ಟೈರು ಇರುವವರಾದರೆ ಒಳ್ಳೆಯದು. ಈಗ ಹೆಸರು ಕೊಟ್ಟಿರುವವರು ಮೂರೇ ಜನ, ಅದರಲ್ಲಿ ಒಬ್ಬರಿಗೆ ರಾತ್ರಿಪಾಳಿ.

ಇನ್ನು ಸೂಚನೆಗಳು. ರಾಜ್ಯೋತ್ಸವ ನವೆಂಬರ್ ಮೂರನೆಯ ಶನಿವಾರ ಮಧ್ಯಾಹ್ನ ಮೂರಕ್ಕೆ, ಕಳೆದ ವರ್ಷದ ಶಾಲೆಯ ಸಭಾಂಗಣದಲ್ಲೇ. ಊಟಕ್ಕೆ ಹೆಸರು ಅದರ ಹಿಂದಿನ ಬುಧವಾರದೊಳಗೆ ಕೊಡಿ, ಬಾಗಿಲಲ್ಲಿ ಹೇಳಿದರೆ ಅಡುಗೆಯವರಿಗೆ ಕಷ್ಟ. ಮಕ್ಕಳು ಅಲ್ಲಿ ನಕ್ಷೆ ಇಟ್ಟುಕೊಂಡು ಮಾತಾಡಲಿದ್ದಾರೆ. ನನ್ನ ಮಗಳ ಪಾಲಿಗೆ ಅಜ್ಜಿಯ ಮನೆ ಬಂದಿದೆ: ಮದುವೆಯಾಗಿ ಅಲ್ಲಿಗೆ ಬಂದಾಗ ಮದರಾಸು, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ, 1973ರಿಂದ ಕರ್ನಾಟಕ, 1997ರಿಂದ ಉಡುಪಿ ಜಿಲ್ಲೆ, ಅಷ್ಟೂ ಕಾಲ ಅಜ್ಜಿ ಇದ್ದದ್ದು ಅದೇ ಅಡುಗೆಮನೆಯಲ್ಲಿ. ತುಳಸಿ ಪೂಜೆಗೆ ನೆಲ್ಲಿಯ ಗೆಲ್ಲು ಸಿಕ್ಕಿದವರು ಇನ್ನೊಬ್ಬರಿಗೂ ಒಂದು ತುಂಡು ಕೊಡಿ. ಕನ್ನಡ ತರಗತಿ ಇನ್ನು ಮಾರ್ಚ್‌ವರೆಗೆ ಹತ್ತೂವರೆಗೆ, ಒಂಬತ್ತಕ್ಕಲ್ಲ. ಮಕ್ಕಳಿಗೆ ಗಿಡ್ಡವಾದ ಜಾಕೆಟ್, ಬೂಟುಗಳನ್ನು ಒಗೆದು ಒಣಗಿಸಿ ರಾಜ್ಯೋತ್ಸವದ ದಿನ ತನ್ನಿ, ಬೇಕಾದವರು ಅಲ್ಲೇ ಅಳತೆ ನೋಡಿ ಕೊಂಡುಹೋಗಲಿ. ಸದಸ್ಯತ್ವದ ಹಣ ಡಿಸೆಂಬರ್ 31ರೊಳಗೆ. ಈ ಪತ್ರಿಕೆಗೆ ಪುಟ ಜೋಡಿಸಲು ಒಬ್ಬರು ಬೇಕೆಂದು ಹೋದ ಸಂಚಿಕೆಯಲ್ಲೂ ಬರೆದಿದ್ದೆ. ತಿಂಗಳಿಗೆ ಎರಡು ರಾತ್ರಿ ಸಾಕು. ದಯವಿಟ್ಟು ಯಾರಾದರೂ ಬನ್ನಿ, ಒಬ್ಬಳಿಂದ ಆಗುತ್ತಿಲ್ಲ.

ಎರಡು ವಾರದ ಹಿಂದೆ ಕುಂದಾಪುರದಿಂದ ದಂಪತಿ ಬಂದಿದ್ದಾರೆಂದು ಒಬ್ಬ ಸದಸ್ಯರು ತಿಳಿಸಿದ್ದಾರೆ. ಶುಕ್ರವಾರ ಸಂಜೆ ಮಗಳೂ ನಾನೂ ಅವರಲ್ಲಿಗೆ ಹೊರಟಿದ್ದೇವೆ. ಅಮ್ಮ ಊರಿನಿಂದ ಕಳಿಸಿದ ಹಪ್ಪಳದ ಡಬ್ಬವನ್ನು ಮಗಳು ಸಂಜೆಯೇ ಮೇಜಿನ ಮೇಲೆ ತಂದಿಟ್ಟು "ಅವರಿಗೆ ಎಷ್ಟು?" ಎಂದು ಕೇಳಿದಳು. ಇಪ್ಪತ್ತೈದು ಎಂದೆ. ಬಾಳೆನಾರು ಇಲ್ಲದ್ದಕ್ಕೆ ತನ್ನ ಜಡೆಯ ಕೆಂಪು ರಿಬ್ಬನ್ ಬಿಚ್ಚಿ ಕಟ್ಟಿದ್ದಾಳೆ.