ಮೆಟ್ಟಿಲ ಬುಡದಲ್ಲಿ ಚಾರ್ಜಿಂಗ್ ಬೇಡ

ಸಂಪಾದಕರೇ,

ನಮ್ಮ ಡೊಂಬಿವಲಿಯ ಹೌಸಿಂಗ್ ಸೊಸೈಟಿಯಲ್ಲಿ ಈಗ ಎಲೆಕ್ಟ್ರಿಕ್ ಸ್ಕೂಟರ್‌ಗಳು ಜಾಸ್ತಿಯಾಗಿವೆ. ನನಗೆ ಖುಷಿಯೇ. ಹೊಗೆಯಿಲ್ಲ, ಸದ್ದಿಲ್ಲ. ಮುಂಬೈಯ ಅಟಲ್ ಸೇತುವೆಯಲ್ಲಿ 2025ರ ಆಗಸ್ಟ್‌ನಿಂದ ಎಲೆಕ್ಟ್ರಿಕ್ ಕಾರುಗಳಿಗೆ ಟೋಲ್ ಕೂಡ ಇಲ್ಲ.

ಆದರೆ ಕಳೆದ ವಾರ ರಾತ್ರಿ ಕಂಡದ್ದನ್ನು ಹೇಳಲೇಬೇಕು. ಮೊದಲ ಮಹಡಿಯ ಕಿಟಕಿಯಿಂದ ಒಂದು ವೈರು ಇಳಿಬಿದ್ದಿತ್ತು. ತುದಿಯಲ್ಲಿ ಎಕ್ಸ್‌ಟೆನ್ಶನ್ ಬೋರ್ಡು. ಮಳೆನೀರು ತಾಗದಿರಲಿ ಎಂದು ಅದಕ್ಕೊಂದು ಪ್ಲಾಸ್ಟಿಕ್ ಚೀಲ ಸುತ್ತಿದ್ದರು. ಸ್ಕೂಟರ್ ನಿಂತಿದ್ದು ಮೆಟ್ಟಿಲ ಬುಡದಲ್ಲಿ, ಮೀಟರ್ ಪೆಟ್ಟಿಗೆಗಳ ಪಕ್ಕ. ನಾಲ್ಕು ಮಹಡಿಯ ಜನ ಇಳಿದು ಬರಲು ಇರುವುದು ಅದೊಂದೇ ದಾರಿ.

ಈ ಸ್ಕೂಟರ್‌ಗಳ ಲಿಥಿಯಂ ಬ್ಯಾಟರಿಯ ಒಂದು ಸೆಲ್ ಮಿತಿಮೀರಿ ಕಾದರೆ ಪಕ್ಕದ್ದೂ ಕಾಯುತ್ತದೆ. ವಿಷದ ಹೊಗೆ ಏಳುತ್ತದೆ. ಆರಿತು ಎಂದುಕೊಂಡ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು. 2022ರಲ್ಲಿ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಮೇಲೆ ಕೇಂದ್ರ ಸರ್ಕಾರ ಎಐಎಸ್-156 ಎಂಬ ಸುರಕ್ಷತಾ ನಿಯಮವನ್ನು ಬಿಗಿ ಮಾಡಿತು. ಒಳ್ಳೆಯದೇ. ಆದರೆ ಅದು ಬ್ಯಾಟರಿಯ ಪರೀಕ್ಷೆಗೆ. ನಮ್ಮ ಮೆಟ್ಟಿಲ ಬುಡದ ವೈರನ್ನು ನೋಡುವವರು ಯಾರು?

ಮೊದಲು ಪ್ರತಿ ಸೊಸೈಟಿಯೂ ಮೆಟ್ಟಿಲಿನಿಂದ ದೂರದಲ್ಲಿ, ಸರಿಯಾದ ಅರ್ಥಿಂಗ್ ಇರುವ ಒಂದು ಚಾರ್ಜಿಂಗ್ ಜಾಗ ಮಾಡಲಿ. ಸ್ಕೂಟರ್ ಇರುವವರೂ ಮನೆಗೆ ಬಂದ ತಕ್ಷಣ ಪ್ಲಗ್ ಹಾಕದೆ ಬ್ಯಾಟರಿ ತಣ್ಣಗಾಗಲು ಬಿಡಲಿ.

ಆ ಸ್ಕೂಟರಿನ ಹುಡುಗನಿಗೆ ಹೇಳಿದಾಗ "ಅಂಕಲ್, ಬೇರೆ ಜಾಗ ಎಲ್ಲಿದೆ?" ಎಂದ. ಅವನು ಕೇಳಿದ್ದೂ ಸರಿ ಅಲ್ವಾ? ಕಮಿಟಿಗೆ ನಾವಿಬ್ಬರೂ ಸೇರಿ ಅರ್ಜಿ ಕೊಟ್ಟಿದ್ದೇವೆ.

– ಒಬ್ಬ ಓದುಗ, ಡೊಂಬಿವಲಿ (ಮುಂಬೈ ಹತ್ತಿರ)